ಚುಕ್ಕೆ ಮಾಯವಾದ ದಿನ

ಆ ಮನೆಯ ಕಿರಿಸೊಸೆಗೆ ಲೆನ್ಸಮ್ಮ ಅಂತ ಹೆಸರಿಟ್ಟವರು ಅವಳ ಭಾವ, ಅಂದರೆ ಗಂಡನ ಅಣ್ಣ. ಅವಳ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಒಂದು ಭೂತಗನ್ನಡಿ ಸದಾ ನೇತಾಡುತ್ತಿತ್ತು, ಅದಕ್ಕೇ ಆ ಹೆಸರು. ಸೊಪ್ಪು ತಂದರೆ ಎಲೆಯ ಬೆನ್ನು ನೋಡುತ್ತಾಳೆ. ಮಕ್ಕಳು ತಲೆ ಕೆರೆದುಕೊಂಡರೆ ರೆಟ್ಟೆ ಹಿಡಿದು ಬೆಳಕಿಗೆ ಎಳೆದು ಕೂರಿಸುತ್ತಾಳೆ. ಗಂಡನ ಅಂಗಾಲಿಗೆ ಮುಳ್ಳು ಚುಚ್ಚಿದರೆ ಪಾಪ ಅನ್ನುವ ಮೊದಲು ಕನ್ನಡಿ ಹಿಡಿಯುತ್ತಾಳೆ. "ನಮ್ಮನೇಲಿ ಗುಟ್ಟು ಅನ್ನೋದೇ ಇಲ್ಲ ಕಣ್ರೀ, ಎಲ್ಲಾ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತೆ," ಎಂದು ಭಾವ ಬಂದವರ ಮುಂದೆಲ್ಲ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಆ ಮನೆಯಲ್ಲಿ ಒಂದು ಗುಟ್ಟಿತ್ತು. ಹದಿನಾಲ್ಕು ವರ್ಷದಿಂದ ಇತ್ತು. ಅದನ್ನು ಬಲ್ಲವರು ಇಬ್ಬರೇ, ಒಬ್ಬಳು ಲೆನ್ಸಮ್ಮ, ಇನ್ನೊಬ್ಬರು ಅವಳ ಮಾವ.

ಆ ಮನೆಯವರ ಕಸುಬು ಮೀನುಮರಿ ಬೆಳೆಸಿ ಮಾರುವುದು. ಮನೆಯ ಹಿಂದೆ ತಗಡು ಹೊದಿಸಿದ ಉದ್ದನೆಯ ಶೆಡ್ಡು, ಅದರೊಳಗೆ ಸೊಂಟದೆತ್ತರದ ನಾಲ್ಕು ಸಿಮೆಂಟು ತೊಟ್ಟಿ, ಶೆಡ್ಡಿನಾಚೆ ದೊಡ್ಡದೊಂದು ಮಣ್ಣಿನ ಕೊಳ. ಕೊಳದಲ್ಲಿ ಇರುವುದು ತಾಯಿಮೀನುಗಳು, ಮೊಟ್ಟೆಗೆಂದೇ ಸಾಕಿದ ದೊಡ್ಡ ಗೆಂಡೆಗಳು. ಅವು ಚೆನ್ನಾಗಿದ್ದರೆ ಮನೆ ಚೆನ್ನಾಗಿರುತ್ತದೆ. ಇದನ್ನೆಲ್ಲ ಕಟ್ಟಿ ನಿಲ್ಲಿಸಿದವರು ಮಾವ. ಓದಿದ್ದು ಕಡಿಮೆ, ಕಟ್ಟುನಿಟ್ಟು ಮಾತ್ರ ಹೆಡ್ಮಾಸ್ಟರದ್ದು. ಹೊರಗಿನಿಂದ ಯಾವ ಮೀನು ಬಂದರೂ ಮೊದಲು ನಾಲ್ಕನೆಯ ತೊಟ್ಟಿಯಲ್ಲಿ ಬೇರೆಯಾಗಿ ಇರಬೇಕು. ಒಂದರ ರೋಗ ಇನ್ನೊಂದಕ್ಕೆ ಹತ್ತದಿರಲೆಂದು ಒಂದೊಂದು ತೊಟ್ಟಿಗೂ ಅದರದ್ದೇ ಕೈಬಲೆ, ಬಲೆಯ ಹಿಡಿಗೆ ಬೇರೆ ಬೇರೆ ಬಣ್ಣದ ದಾರ, ಪಕ್ಕದ ಗೋಡೆಯಲ್ಲಿ ಅದಕ್ಕೊಂದು ಮೊಳೆ. ಒಂದರ ಬಲೆ ಇನ್ನೊಂದರ ಮೊಳೆಯಲ್ಲಿ ಕಂಡರೆ ಮಾವನಿಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಲೆನ್ಸಮ್ಮ ಸೊಸೆಯಾಗಿ ಬಂದಾಗ ಅವಳಿಗೆ ಮೀನೆಂದರೆ ಎರಡು ಕಣ್ಣು, ಒಂದು ಬಾಲ, ಅಷ್ಟೇ. ಅಡುಗೆಮನೆಯಲ್ಲಿ ಓರಗಿತ್ತಿ ಇದ್ದಳು, ಅಲ್ಲಿ ಇನ್ನೊಂದು ಜೊತೆ ಕೈಗೆ ಜಾಗವಿರಲಿಲ್ಲ. ಹಾಗಾಗಿ ಹೊತ್ತು ಹೋಗದೆ ಶೆಡ್ಡಿನ ಕಡೆ ಹೋಗಿ ನಿಲ್ಲುತ್ತಿದ್ದಳು. ಒಂದು ವಾರ ನೋಡಿದ ಮಾವ ಎಂಟನೆಯ ದಿನ ಕೇಳಿದರು, "ಸುಮ್ನೆ ನಿಂತ್ಕೋತೀಯೋ, ಇಲ್ಲಾ ಏನಾದ್ರೂ ಕಲೀತೀಯೋ?"

ಕಲಿತಳು. ಮೀನಿನ ಮೈಮೇಲೆ ಕೂತು ರಕ್ತ ಹೀರುವ ಚಪ್ಪಟೆ ಹೇನನ್ನು ಚಿಮಟದಲ್ಲಿ ಕೀಳುವುದು ಕಲಿತಳು. ಬಿಳಿ ದಾರದ ತುಂಡಿನಂತೆ ಮೈಯಿಂದ ಇಳಿಬಿದ್ದ ಹುಳುವಿನ ತಲೆ ಮಾಂಸದೊಳಗೆ ಕೊಂಡಿ ಹಾಕಿಕೊಂಡಿರುತ್ತದೆ, ಸಿಟ್ಟಿನಿಂದ ಎಳೆದರೆ ತಲೆ ಒಳಗೇ ಉಳಿದು ಕೀವಾಗುತ್ತದೆ, ಬುಡ ಹಿಡಿದು ನಿಧಾನವಾಗಿ ಎಳೆಯಬೇಕು ಎಂಬುದನ್ನು ಎರಡು ಮೀನು ಕೆಡಿಸಿದ ಮೇಲೆ ಕಲಿತಳು. ಕಿವಿರಿನ ಮುಚ್ಚಳ ಎತ್ತಿ ಒಳಗಿನ ಕೆಂಪು ಹೇಗಿದೆ ಎಂದು ನೋಡಲು ಕಲಿತಳು. "ಈ ಹುಳುಗಳೆಲ್ಲ ಒಂದು ಥರ ನೆಂಟರಮ್ಮ," ಅನ್ನುತ್ತಿದ್ದರು ಮಾವ, "ಬರೋವಾಗ ಹೇಳಲ್ಲ, ಉಂಡು ಎದ್ದು ಹೋಗೋದೂ ಇಲ್ಲ." ಹೇಳಿದ ಮೇಲೆ, ಸೊಸೆಯ ತವರಿನವರು ಹಿಂದಿನ ದಿನವಷ್ಟೇ ಬಂದಿದ್ದಾರೆ ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವತ್ತಿನಿಂದ ಮಾವ ಸೊಸೆಗೆ ಒಳ್ಳೆಯ ಹೊಂದಾಣಿಕೆ.

ಆ ಮುದುಕ ತನಗೆ ಇಷ್ಟೊಂದು ಕಲಿಸುತ್ತಿರುವುದು ಯಾಕೆ ಎಂಬುದು ಅವಳಿಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಮಾವನ ಕಣ್ಣಿಗೆ ಪೊರೆ ಬಂದಿತ್ತು. ತೊಟ್ಟಿಯ ನೀರು ಅವರಿಗೆ ಹಾಲಿನ ಹಾಗೆ ಕಾಣುತ್ತಿತ್ತು. ದೊಡ್ಡ ಮಗನಿಗೆ ಹೇಳಿದರೆ ನಾಳೆಯಿಂದಲೇ ಮನೆಯಲ್ಲಿ ಕೂರಿಸುತ್ತಾನೆಂದು ಯಾರಿಗೂ ಉಸಿರೆತ್ತಿರಲಿಲ್ಲ. ಸೊಸೆ ಅವರ ಕಣ್ಣಾಗಿದ್ದಳು. ಮೊದಲ ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟವರು ಅವರೇ.

ಎರಡನೆಯ ವರ್ಷ ಹೊರಗಿನಿಂದ ಇಪ್ಪತ್ತು ಹೊಸ ತಾಯಿಮೀನು ಬಂದವು. ಪದ್ಧತಿಯಂತೆ ನಾಲ್ಕನೆಯ ತೊಟ್ಟಿಗೆ ಬಿಟ್ಟರು. ಮೂರನೆಯ ದಿನ ಅವುಗಳ ಮೈಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಬಿಳಿ ಚುಕ್ಕೆಗಳೆದ್ದವು. ಮೀನುಗಳು ಮೈ ತುರಿಕೆಗೆ ತೊಟ್ಟಿಯ ಗೋಡೆಗೆ ಉಜ್ಜಿಕೊಳ್ಳುತ್ತಿದ್ದವು. ಮಾವ ಉಪ್ಪು ಹಾಕಿಸಿದರು. ಅವಳು ದಿನಕ್ಕೆ ನಾಲ್ಕು ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆರನೆಯ ದಿನ ಬೆಳಿಗ್ಗೆ ನೋಡಿದರೆ ಒಂದೇ ಒಂದು ಚುಕ್ಕೆಯಿಲ್ಲ! ಇಪ್ಪತ್ತನ್ನೂ ಒಂದೊಂದಾಗಿ ಎತ್ತಿ ತಿರುಗಿಸಿ ಮುರುಗಿಸಿ ನೋಡಿದಳು. ಮೈ ನುಣ್ಣಗೆ ಹೊಳೆಯುತ್ತಿತ್ತು.

ಮಾವ ಬಲೆ ಹಿಡಿದು ನಿಂತಿದ್ದರು. "ಏನಮ್ಮಾ, ಬಿಡಬಹುದಾ?"

"ಬಿಡಿ ಮಾವ, ಪೂರ್ತಿ ಗುಣ ಆಗಿದೆ," ಅಂದಳು. ಖುಷಿಯಿಂದ ಅಂದಳು. ಟಬ್ಬಿನಲ್ಲಿ ಮೀನು ಹಾಕಿ, ನೀರಿನ ಸಮೇತ ಕೊಳಕ್ಕೆ ಬಗ್ಗಿಸಿದರು.

ಒಂದು ವಾರ ಕಳೆಯುವಷ್ಟರಲ್ಲಿ ಕೊಳದ ಅಂಚಿನಲ್ಲಿ ಮೀನುಗಳು ಬಾಯಿ ಬಿಟ್ಟುಕೊಂಡು ಮೇಲೆ ತೇಲತೊಡಗಿದವು. ಹಳೆಯವು, ಹೊಸವು, ಎಲ್ಲದರ ಮೈಮೇಲೂ ಚುಕ್ಕೆ. ಅಷ್ಟು ದೊಡ್ಡ ಕೊಳಕ್ಕೆ ಎಷ್ಟಂತ ಉಪ್ಪು ಸುರಿಯುವುದು? ಅಲ್ಲಿಂದ ಒಂಬತ್ತು ದಿನದಲ್ಲಿ ಕೊಳ ಖಾಲಿಯಾಯಿತು. ಮಾವ ಎಂಟು ವರ್ಷ ಸಾಕಿದ ಒಂದು ಮೀನಿತ್ತು, ಕೈ ತಟ್ಟಿದರೆ ಅಂಚಿಗೆ ಬರುತ್ತಿತ್ತು, ಅದೂ ಹೋಯಿತು. ಗುಂಡಿ ತೋಡಿ, ಸುಣ್ಣ ಹಾಕಿ, ಮಾವ ಸೊಸೆ ಇಬ್ಬರೇ ಮುಚ್ಚಿದರು. ಅವಳಿಗೆ ಏನಾಯಿತೆಂದೇ ಅರ್ಥವಾಗಿರಲಿಲ್ಲ. ತಾನು ನೋಡಿದ್ದು ಸುಳ್ಳೇ?

ಪರಊರಿಗೆ ಹೋಗಿದ್ದ ಭಾವ ಬಂದವರೇ ಕೊಳದ ದಡದಲ್ಲಿ ತಲೆ ಮೇಲೆ ಕೈ ಹೊತ್ತು ನಿಂತರು. "ರೋಗದ ಮೀನನ್ನ ಕೊಳಕ್ಕೆ ಬಿಟ್ಟಿದ್ದು ಯಾರು?"

ಅವಳು ಬಾಯಿ ತೆರೆಯುವ ಮೊದಲೇ ಮಾವ ಹೇಳಿಬಿಟ್ಟರು. "ನಾನೇ ಬಿಟ್ಟೆ. ಚುಕ್ಕೆ ಇತ್ತೇನೋ, ನನಗೆ ಕಾಣಿಸಲಿಲ್ಲ. ಕಣ್ಣು ಮಂಜಾಗಿದೆ ಕಣೋ."

ಅಲ್ಲಿಗೆ ಮುಗಿಯಿತು. ಭಾವ ಕೆಟ್ಟವರಲ್ಲ, ಆದರೆ ಸಿಟ್ಟು ಬಂದಾಗ ಅವರ ಮಾತಿಗೆ ಬ್ರೇಕಿಲ್ಲ. ಅಪ್ಪನ ಕಣ್ಣಿಗೆ ಆಪರೇಷನ್ ಮಾಡಿಸಿದರು, ಶೆಡ್ಡಿನ ಬೀಗದ ಕೈ ತೆಗೆದುಕೊಂಡರು, "ನೀವಿನ್ನು ಮನೇಲಿ ಆರಾಮಾಗಿರಿ ಅಪ್ಪಾ," ಅಂದರು. ಕಣ್ಣು ಸರಿಹೋಯಿತು, ಬೀಗದ ಕೈ ವಾಪಸು ಬರಲಿಲ್ಲ. ಮಾವ ಹಿತ್ತಿಲ ಬಾಗಿಲ ಹೊರಗಿನ ಕಲ್ಲುಬೆಂಚಿನ ಮೇಲೆ ಕೂರತೊಡಗಿದರು. ಅಲ್ಲಿಂದ ಶೆಡ್ಡಿನ ತಗಡು ಕಾಣುತ್ತದೆ, ತೊಟ್ಟಿ ಕಾಣುವುದಿಲ್ಲ. ಸಾಯಂಕಾಲ ಅವಳು ಕೈ ಒರೆಸಿಕೊಂಡು ಬರುವಾಗ ಒಂದೇ ಪ್ರಶ್ನೆ, "ನೀರು ಹೇಗಿದೆಯಮ್ಮಾ?" ಅವಳು ಹೇಳುತ್ತಿದ್ದಳು. ಹದಿನಾಲ್ಕು ವರ್ಷ ದಿನಾ ಹೇಳಿದಳು. ಆದರೆ ಬಿಡಿ ಅಂದಿದ್ದು ತಾನು ಎಂಬ ಒಂದು ಮಾತನ್ನು ಮಾತ್ರ ಭಾವನಿಗೆ ಹೇಳಲಿಲ್ಲ. ಮೊದಲ ವರ್ಷ ಹೆದರಿಕೆಯಿಂದ, ಆಮೇಲೆ ನಾಚಿಕೆಯಿಂದ, ಆಮೇಲೆ ಇಷ್ಟು ದಿನವಾದ ಮೇಲೆ ಹೇಗೆ ಹೇಳುವುದು ಎಂದು.

ಆ ಘಟನೆಯಾದ ಮರುವರ್ಷ ಮೀನು ಸಾಕುವವರಿಗೆ ಹತ್ತು ದಿನದ ತರಬೇತಿ ಏರ್ಪಾಡಾಯಿತು. ಹಟ ಮಾಡಿ ಹೋದಳು. ನಾಲ್ಕನೆಯ ದಿನ ಪಾಠದ ಮೇಡಂ ಬೋರ್ಡಿನ ಮೇಲೆ ಮೀನಿನ ಚಿತ್ರ ಬರೆದು, ಮೈತುಂಬ ಚುಕ್ಕೆ ಇಟ್ಟು, ಆಮೇಲೆ ಎಲ್ಲವನ್ನೂ ಒರೆಸಿ ಕೇಳಿದರು, "ಈಗ ರೋಗ ಹೋಯ್ತಾ?" ಹೋಯ್ತು ಎಂದರು ಎಲ್ಲರೂ. "ಇಲ್ಲ. ಇದು ಪರಾವಲಂಬಿ ಜೀವಿ. ಮೀನಿನ ಚರ್ಮದ ಕೆಳಗೆ ಸೇರ್ಕೊಂಡು ತಿಂದು ಬೆಳೆಯುತ್ತೆ. ಹೊಟ್ಟೆ ತುಂಬಿದ ಮೇಲೆ ತಾನಾಗೇ ಮೀನನ್ನ ಬಿಟ್ಟು ತಳಕ್ಕಿಳಿಯುತ್ತೆ. ಅಲ್ಲಿ ಗೂಡು ಕಟ್ಕೊಂಡು ಒಡೆದು ಒಡೆದು ನೂರಾರು ಆಗುತ್ತೆ. ಆಮೇಲೆ ಅಷ್ಟೂ ಮೀನು ಹುಡುಕ್ಕೊಂಡು ಮೇಲೇಳ್ತವೆ. ಚರ್ಮದೊಳಗೆ ಇದ್ದಾಗ ಉಪ್ಪು ಅದನ್ನ ಮುಟ್ಟಲ್ಲ, ಗೂಡಲ್ಲಿದ್ದಾಗ್ಲೂ ಮುಟ್ಟಲ್ಲ, ಈಜುವಾಗ ಮಾತ್ರ ಸಾಯುತ್ತೆ. ಚುಕ್ಕೆ ಮಾಯವಾದ ದಿನ ಖುಷಿ ಪಡಬೇಡಿ. ಅವತ್ತು ಅವು ನೀರಲ್ಲಿರ್ತವೆ, ಕಣ್ಣಿಗೆ ಕಾಣದ ಹಾಗೆ ಕಿವಿರಲ್ಲೂ ಉಳಿದಿರ್ತವೆ."

ಲೆನ್ಸಮ್ಮ ಎದ್ದು ಹೊರಗಿನ ನಲ್ಲಿಯ ಹತ್ತಿರ ಹೋಗಿ, ನೀರು ಬಿಟ್ಟು, ಅದರ ಸದ್ದಿನಲ್ಲಿ ಚೆನ್ನಾಗಿ ಅತ್ತಳು. ಮುಖ ತೊಳೆದುಕೊಂಡು ಬಂದು ಉಳಿದ ಪಾಠ ಬರೆದುಕೊಂಡಳು. ಅವತ್ತು ತಾನು ನೋಡಿದ್ದು ಸುಳ್ಳಾಗಿರಲಿಲ್ಲ. ಚುಕ್ಕೆ ನಿಜವಾಗಿಯೂ ಇರಲಿಲ್ಲ. ಮಾವನ ಕಣ್ಣು ಹದಿನೆಂಟು ವರ್ಷದವರ ಕಣ್ಣಿನಂತೆ ಇದ್ದಿದ್ದರೂ ಕಾಣುತ್ತಿರಲಿಲ್ಲ. ಆದರೂ ಆ ಪಾಪದ ಮುದುಕ ತಪ್ಪನ್ನು ತನ್ನ ಕಣ್ಣಿನ ಮೇಲೆ ಹೊರಿಸಿಕೊಂಡು ಕೂತಿದ್ದಾರೆ.

ಅದಾದ ಮೇಲೆ ಅವಳು ಬೇರೆಯೇ ಮನುಷ್ಯಳಾದಳು. ಮುಚ್ಚಿಹೋದ ಒಂದು ಶಾಲೆಯಿಂದ ಹಳೆಯ ಮೈಕ್ರೋಸ್ಕೋಪ್ ತಂದು ಶೆಡ್ಡಿನ ಕಿಟಕಿಯ ಬಳಿ ಇಟ್ಟುಕೊಂಡಳು. ಮೀನಿನ ಮೈಯ ಲೋಳೆಯನ್ನು ಗಾಜಿನ ಚೂರಿನ ಮೇಲೆ ಸವರಿ ನೋಡುವುದು ಅವಳಿಗೆ ಬೇರೆಯವರು ಪೇಪರ್ ಓದಿದಷ್ಟೇ ಸಲೀಸಾಯಿತು. ಅಕ್ಕಪಕ್ಕದ ಮೀನು ಸಾಕುವವರು ಬಾಟಲಿಯಲ್ಲಿ ಕಾಯಿಲೆ ಮೀನು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಲ್ಲತೊಡಗಿದರು. ಯಜಮಾನಿಕೆ ಸಿಕ್ಕ ಮೇಲೆ ಭಾವ, "ನಾಲ್ಕು ತೊಟ್ಟಿಗೆ ನಾಲ್ಕು ಬಲೆ ಯಾಕೆ, ನಾವೇನು ಬಲೆ ಅಂಗಡಿ ಇಟ್ಟಿದೀವಾ?" ಎಂದು ಒಂದೇ ದೊಡ್ಡ ಬಲೆ ತಂದಿಟ್ಟಿದ್ದರು. ಅವಳು ಎದುರಾಡಲಿಲ್ಲ. ಭಾವ ಇದ್ದಾಗ ದೊಡ್ಡ ಬಲೆ, ಇಲ್ಲದಾಗ ಮಾವನ ನಾಲ್ಕು ಬಲೆ. ದಾರ ಹರಿದರೆ ಅದೇ ಬಣ್ಣದ ದಾರ ಹುಡುಕಿ ಕಟ್ಟುತ್ತಿದ್ದಳು.

ಹೀಗಿರುವಾಗ ಈ ವರ್ಷ ಭಾವ ನಲವತ್ತು ಹೊಸ ತಾಯಿಮೀನು ತಂದರು. ಮೂರನೆಯ ದಿನ ಚುಕ್ಕೆ ಬಂತು. ಉಪ್ಪು ಹಾಕಿದ್ದಾಯಿತು, ದಿನಾ ತಳದ ಕೊಳೆ ಪೈಪಿನಲ್ಲಿ ಹೀರಿ ತೆಗೆದದ್ದಾಯಿತು. ಆರನೆಯ ದಿನ ಬೆಳಿಗ್ಗೆ ಚುಕ್ಕೆ ಮಾಯ. ಅದೇ ನಾಲ್ಕನೆಯ ತೊಟ್ಟಿ, ಅದೇ ನುಣ್ಣನೆಯ ಮೈ.

ಹತ್ತು ಗಂಟೆಗೆ ಭಾವ ದೊಡ್ಡ ಬಲೆ ಹೆಗಲಿಗೇರಿಸಿಕೊಂಡು ಬಂದರು. ಹಿಂದೆ ಅವಳ ಗಂಡ, ಕೈಯಲ್ಲಿ ಟಬ್ಬು. ಗಂಡ ಮಾತಾಡುವ ಜಾತಿಯವನಲ್ಲ. ಮನೆಯ ವ್ಯಾನು ಓಡಿಸುತ್ತಾನೆ, ಅಣ್ಣ ಹೇಳಿದ್ದನ್ನು ಮಾಡುತ್ತಾನೆ.

"ಮೊಟ್ಟೆ ಕಾಲ ಶುರುವಾಯ್ತು, ಇವು ಇವತ್ತು ಕೊಳಕ್ಕೆ ಇಳೀಬೇಕು," ಅಂದರು ಭಾವ.

"ಬೇಡ ಭಾವ. ಇನ್ನೂ ಎರಡು ವಾರ ಆದ್ರೂ ಇಲ್ಲೇ ಇರಲಿ."

"ಯಾಕೆ? ಚುಕ್ಕೆ ಎಲ್ಲಿದೆ ತೋರ್ಸು. ನಿನ್ನ ಲೆನ್ಸಲ್ಲೇ ಹುಡುಕು."

"ಮೀನಿನ ಮೈಮೇಲಿಲ್ಲ. ನೀರಲ್ಲಿದೆ, ತಳದಲ್ಲಿದೆ. ಒಂದ್ಸಲ ಮೈಕ್ರೋಸ್ಕೋಪಲ್ಲಿ ನೋಡಿ, ಗೊತ್ತಾಗುತ್ತೆ."

"ಇರೋ ಹುಳಾನೂ ಕಾಣುತ್ತೆ, ಇಲ್ಲದ ಹುಳಾನೂ ಕಾಣುತ್ತೆ ನಿನಗೆ," ಎಂದು ಭಾವ ಬಲೆ ನೀರಿಗಿಳಿಸಿದರು. ಅವಳು ಬಲೆಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಮನೆಯಲ್ಲಿ ಅವಳು ಭಾವನೆದುರು ಹಾಗೆ ನಿಂತದ್ದು ಅದೇ ಮೊದಲು. ಗಂಡ ಟಬ್ಬು ಕೆಳಗಿಟ್ಟ.

"ಬಿಡಮ್ಮ ಕೈ," ಅಂದರು ಭಾವ, ದನಿ ಏರಿಸಿ. "ನಾನೇನು ಅಪ್ಪನ ಥರ ಕಣ್ಣು ಕಾಣದೆ ಬಿಡ್ತಿದೀನಾ?"

ಆ ಮಾತು ಬರದೇ ಇದ್ದಿದ್ದರೆ ಇನ್ನೂ ಹದಿನಾಲ್ಕು ವರ್ಷ ಸುಮ್ಮನಿರುತ್ತಿದ್ದಳೋ ಏನೋ. ಈಗ ಕೊಳ ಉಳಿಯಬೇಕಾದರೆ ಬೇರೆ ದಾರಿಯೂ ಇರಲಿಲ್ಲ.

"ಮಾವನಿಗೆ ಕಾಣದೆ ಆಗಿದ್ದಲ್ಲ ಭಾವ. ಅವತ್ತು ನೋಡಿದ್ದು ನಾನು. ಇಪ್ಪತ್ತನ್ನೂ ನನ್ನ ಕೈಯಾರೆ ಎತ್ತಿ ನೋಡ್ದೆ. ಹಿಂಗೇ ಇತ್ತು, ಒಂದು ಚುಕ್ಕೆನೂ ಇರ್ಲಿಲ್ಲ. ಬಿಡಬಹುದಾ ಅಂತ ಮಾವ ಕೇಳಿದ್ರು. ಬಿಡಿ ಅಂದಿದ್ದು ನಾನು. ನನ್ನ ಮಾತು ನಂಬಿ ಬಿಟ್ರು. ನೀವು ಕೇಳಿದಾಗ ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಬಾಯಿ ಮುಚ್ಕೊಂಡಿದ್ದೆ."

ಭಾವ ತಮ್ಮನ ಮುಖ ನೋಡಿದರು. ತಮ್ಮನಿಗೂ ಇದು ಹೊಸದು ಎಂಬುದು ಅವನ ಮುಖದಲ್ಲೇ ಇತ್ತು. ಅವಳು ತಡಮಾಡಲಿಲ್ಲ. ತಳದ ಕೊಳೆಯಿಂದ ಒಂದು ಹನಿ ಗಾಜಿನ ಚೂರಿಗೆ ಹಾಕಿ, ಮೈಕ್ರೋಸ್ಕೋಪಿನಡಿ ಇಟ್ಟು, ತಿರುಪು ಸರಿಮಾಡಿ ಪಕ್ಕಕ್ಕೆ ಸರಿದಳು. ಭಾವ ಬಗ್ಗಿ ಕಣ್ಣಿಟ್ಟರು. ಮೊದಲು ಎರಡೂ ಕಣ್ಣು ಮುಚ್ಚಿಕೊಂಡರು, ಆಮೇಲೆ ಒಂದನ್ನು ತೆರೆದರು.

"ಇದೇನಿದು, ಗುಂಡಗೆ? ಒಳಗೆ ಏನೋ ಕುದೀತಾ ಇದೆ."

"ಮರಿಗಳು ಭಾವ. ಒಂದು ಚುಕ್ಕೆಯಿಂದ ಇಷ್ಟು. ಅಲ್ಲಿರೋದೆಲ್ಲ ನಾಳೆ ನಾಡಿದ್ದರೊಳಗೆ ಹೊರಗೆ ಬರ್ತವೆ."

ಭಾವ ಬಹಳ ಹೊತ್ತು ನೋಡಿದರು. ಆಮೇಲೆ ದೊಡ್ಡ ಬಲೆಯನ್ನು ಮೂಲೆಗೆ ಒರಗಿಸಿ, ಮನೆಯ ಕಡೆ ನಡೆದರು. ಅವಳು ಹಿಂದೆಯೇ ಓಡಿದಳು. ಈ ಸಿಟ್ಟೆಲ್ಲ ಮುದುಕನ ಮೇಲೆ ಎರಗಿದರೆ ಏನು ಗತಿ ಎಂದು ಅವಳಿಗೆ ದಿಗಿಲು.

ಮಾವ ಕಲ್ಲುಬೆಂಚಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ಭಾವ ಎದುರು ನಿಂತು ಕೇಳಿದರು, "ಅಪ್ಪಾ, ಅವತ್ತು ಮೀನು ಬಿಡಿ ಅಂದಿದ್ದು ಇವಳಂತೆ?"

ಮಾವ ಸೊಸೆಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು.

"ಬಲೆ ನನ್ನ ಕೈಲಿತ್ತು," ಅಂದರು ಮಾವ.

"ಅದಲ್ಲ ನಾನು ಕೇಳ್ತಿರೋದು. ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅವಳನ್ನ ತೊಟ್ಟಿ ಹತ್ರ ಬಿಡ್ತಿದ್ದೆಯೇನೋ? ಆಗಿನ್ನೂ ಹೊಸಬಳು. ಅಳುತ್ತಾ ಒಳಗೆ ಹೋಗಿ ಕೂತಿದ್ರೆ ಮತ್ತೆ ಆ ಕಡೆ ಬರ್ತಿರ್ಲಿಲ್ಲ. ನನ್ನದು ಹೆಂಗೂ ಮುಗಿಯೋ ಕಣ್ಣು. ಇಬ್ರಲ್ಲಿ ಒಬ್ರು ಮೀನಿನ ಹತ್ರ ಇರ್ಬೇಕಿತ್ತಲ್ಲ."

ಭಾವ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. "ನಾನು ತುಂಬಾ ಮಾತಾಡ್ಬಿಟ್ಟೆ ಅಪ್ಪಾ ಅವತ್ತು," ಅಂದರು. "ಅವತ್ತೊಂದೇ ಅಲ್ಲ," ಅಂದರು ಮಾವ. ಓರಗಿತ್ತಿ ಒಳಗಿನಿಂದ ಚಹಾ ತಂದಳು, ಏನಾಗಿದೆ ಎಂದು ಗೊತ್ತಾಗದೆ ಲೋಟ ಇಟ್ಟು ಹೋದಳು. ಲೆನ್ಸಮ್ಮನಿಗೆ ಅಳು ಬಂತು, ಅತ್ತಳು. ಈ ಸಲ ನಲ್ಲಿ ಹುಡುಕಿಕೊಂಡು ಹೋಗಲಿಲ್ಲ.

ಅವಳು ಹೇಳಿದ ಹಾಗೇ ಅಲ್ಲಿಂದ ನಾಲ್ಕನೆಯ ದಿನ ಮತ್ತೆ ಚುಕ್ಕೆಗಳೆದ್ದವು, ಮೊದಲಿಗಿಂತ ಕಡಿಮೆ. ಅವು ಉದುರಿದ ಮೇಲೆ ಮತ್ತೆ ತಳ ತೊಳೆದಳು, ಮತ್ತೆ ಉಪ್ಪು. ಎರಡು ಮೀನು ಸತ್ತವು, ಮೂವತ್ತೆಂಟು ಉಳಿದವು. ಭಾವ ದಿನಾ ಬೆಳಿಗ್ಗೆ ಬಂದು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, "ಇವತ್ತು ಕುದೀತಿಲ್ಲ," ಎಂದೋ "ಒಂದು ಕುದೀತಿದೆ," ಎಂದೋ ಹೇಳಿ ಹೋಗುತ್ತಿದ್ದರು. ಹದಿನೈದನೆಯ ದಿನದಿಂದ ಮೈಮೇಲೂ ಚುಕ್ಕೆಯಿಲ್ಲ, ತಳದಲ್ಲೂ ಗುಂಡುಗಳಿಲ್ಲ. ಆದರೆ ಆಕಾಶಕ್ಕೆ ಮೋಡ ಮುಚ್ಚಿಕೊಂಡಿತು.

ಇಪ್ಪತ್ತನೆಯ ದಿನ ಬೆಳಿಗ್ಗೆ ಅವಳು ಶೆಡ್ಡಿನಲ್ಲಿದ್ದಾಗ ಬಾಗಿಲಲ್ಲಿ ನೆರಳಾಡಿತು. ಭಾವ ಅಪ್ಪನ ಕೈ ಹಿಡಿದುಕೊಂಡು ಬರುತ್ತಿದ್ದರು. ಮಾವ ಹೊಸ್ತಿಲ ಹತ್ತಿರ ನಿಂತು, ಒಳಗಿನ ಹಸಿ ವಾಸನೆಯನ್ನು ಮೂಗಿಗೆಳೆದುಕೊಂಡು, ಒಳಗೆ ಕಾಲಿಟ್ಟರು. ಮೊದಲು ನೋಡಿದ್ದು ಮೀನನ್ನಲ್ಲ, ಗೋಡೆಯನ್ನು. ನಾಲ್ಕು ಮೊಳೆ, ನಾಲ್ಕು ಬಲೆ, ನಾಲ್ಕು ಬಣ್ಣ. ಭಾವ ನಾಲ್ಕನೆಯ ಮೊಳೆಯಿಂದ ಬಲೆ ತೆಗೆದು ಅಪ್ಪನ ಕೈಗಿಟ್ಟರು. "ನೀವೇ ಬಿಡಿ ಅಪ್ಪಾ," ಅಂದರು.

ಮಾವ ಬಲೆಯನ್ನು ನೀರಿಗಿಳಿಸಿದರು. ಒಂದು ದೊಡ್ಡ ಗೆಂಡೆಯನ್ನು ಎತ್ತಿ, ಒದ್ದೆ ಕೈಯಲ್ಲಿ ಹಿಡಿದು, ಕಿವಿರಿನ ಮುಚ್ಚಳ ಬೆರಳಿನಲ್ಲಿ ಎತ್ತಿ ತಾವೇ ನೋಡಿದರು. ಈಗ ಅವರಿಗೆ ಕಾಣುತ್ತಿತ್ತು. ಆದರೂ ಅವಳ ಕಡೆ ತಿರುಗಿದರು.

"ಏನಮ್ಮಾ, ಬಿಡಬಹುದಾ?"

ಮೂರೂ ಜನ ಅವಳನ್ನೇ ನೋಡುತ್ತಿದ್ದರು, ಭಾವ, ಬಾಗಿಲಲ್ಲಿ ಟಬ್ಬು ಹಿಡಿದ ಗಂಡ, ಮಾವ. ಬಿಡಿ ಮಾವ ಎಂದು ಹೇಳಿಬಿಡಲು ಅವಳಿಗೆ ಎಷ್ಟು ಆಸೆಯಾಯಿತೆಂದರೆ ಬಾಯಿ ತೆರೆದೂಬಿಟ್ಟಿದ್ದಳು. ಆಮೇಲೆ ತೊಟ್ಟಿಯಲ್ಲಿ ತೂಗುಬಿಟ್ಟ ಥರ್ಮಾಮೀಟರನ್ನು ಎತ್ತಿ ನೋಡಿದಳು.

"ಇಲ್ಲ ಮಾವ. ಐದು ದಿನದಿಂದ ಮೋಡ, ನೀರು ತಣ್ಣಗಿದೆ. ನೀರು ತಣ್ಣಗಿದ್ರೆ ಆ ಹುಳಗಳು ಬೆಳೆಯೋದೂ ನಿಧಾನ. ಇನ್ನೂ ಎರಡು ದಿನ ಇರಲಿ."

ಮಾವ ಮೀನನ್ನು ಮೆಲ್ಲಗೆ ನೀರಿಗೆ ಬಿಟ್ಟು, ಬಲೆಯನ್ನು ಎರಡು ಸಲ ಜಾಡಿಸಿ, ಅದೇ ಮೊಳೆಗೆ ಸಿಕ್ಕಿಸಿದರು.

"ಸರಿ," ಅಂದರು. "ಹಾಗಾದ್ರೆ ನಾಳೆನೂ ಬರ್ತೀನಿ, ನಾಡಿದ್ದೂ ಬರ್ತೀನಿ."